ಬೆಂಗಳೂರಲ್ಲಿ ರಾಮೆನ್: ಮಿಸೊ, ತೊಂಕೊತ್ಸು, ಇಲ್ಲಾ ಮನೆಯ ಪ್ಯಾಕೆಟ್ಟಾ?

ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಕೊಡುವ ಜಪಾನಿ ನೂಡಲ್ಸ್. ಅದರ ಬಗೆಗಳಲ್ಲಿ ನನ್ನ ಓಟು ಮಿಸೊಗೆ. ಯಾಕೆ ಅಂತ ಕೇಳುವವರಿಗೆ ಮುಂದಿನ ಮಾತು.

ಬಳ್ಳಾರಿಯಿಂದ ಕೆಲಸದ ಮೇಲೆ ಬೆಂಗಳೂರಿಗೆ ಹೋದರೆ ವಾಪಸ್ ಬರುವುದು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ. ಸಂಜೆ ಟೈಮ್ ಇರುತ್ತದೆ, ಹೊಟ್ಟೆ ಖಾಲಿ ಇರುತ್ತದೆ. ಹೀಗೆ ಇಂದಿರಾನಗರದ ಕಡೆಯ ಸಣ್ಣ ಜಪಾನಿ ಹೋಟೆಲುಗಳಲ್ಲಿ ರಾಮೆನ್ ತಿನ್ನುವ ಚಟ ಹತ್ತಿತು. ದೊಡ್ಡ ಬಟ್ಟಲು, ಎಳೆ, ಮೇಲೊಂದು ಅರ್ಧ ಮೊಟ್ಟೆ ಎಲ್ಲ ಕಡೆ ಇದ್ದೇ ಇರುತ್ತದೆ. ಆಟವೆಲ್ಲ ಸಾರಿನದು.

ತೊಂಕೊತ್ಸು ಹಂದಿ ಮೂಳೆಯ ಸಾರು, ಜಪಾನಿನ ಫುಕುವೊಕಾ ಕಡೆಯದು. ಜೋರು ಉರಿಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಮೂಳೆಯ ಕೊಬ್ಬು, ಕೊಲಾಜೆನ್ ಅನ್ನುವ ಪ್ರೋಟೀನ್ ನೀರಿಗೆ ಬೆರೆತು ಹಾಲಿನ ಬಣ್ಣ ಬರುತ್ತದೆ. ಮೊದಲ ನಾಲ್ಕು ಗುಟುಕು ಸ್ವರ್ಗ. ಅರ್ಧ ಬಟ್ಟಲು ದಾಟಿದರೆ ತುಟಿಗೆಲ್ಲ ಜಿಡ್ಡು. ಅದನ್ನು ತಿಂದು ರೈಲಿನ ಅಪ್ಪರ್ ಬರ್ತ್ ಹತ್ತಿ ಮಲಗಿ ನೋಡಿ, ಗೊತ್ತಾಗುತ್ತದೆ. ಎಳೆಯೂ ಸಣ್ಣ, ಬೇಗ ಮೆತ್ತಗಾಗುತ್ತದೆ. ಮಾತಾಡುತ್ತಾ ಉಣ್ಣುವ ನನ್ನಂಥವನಿಗೆ ಆಗಿಬರುವುದಿಲ್ಲ.

ಶೋಯು, ಅಂದರೆ ಸೋಯಾ ಸಾಸಿನ ತಿಳಿ ಸಾರಿನದು, ಚೆನ್ನಾಗಿದೆ. ಅಷ್ಟೇ.

ಮಿಸೊ ರಾಮೆನ್ ಜಪಾನಿನ ಉತ್ತರದಲ್ಲಿ ಹಿಮ ಬೀಳುವ ಸಪ್ಪೊರೊ ನಗರದ್ದು. ಸೋಯಾ ಕಾಳಿಗೆ ಉಪ್ಪು, ಕೋಜಿ ಬೂಷ್ಟು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದರೆ ಮಿಸೊ. ಇದರ ಸಾರು ಮಂದ, ಹಾಗಾಗಿ ಮೆಣಸಿನಕಾಯಿ ಎಣ್ಣೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದರೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಕಚ್ಚುವವರಿಗೆ ಖಾರವಿಲ್ಲದೆ ನಡೆಯುತ್ತಾ? ಎಳೆ ದಪ್ಪ, ಸುರುಳಿ. ಸ್ವಲ್ಪ ಹರಟಿದರೂ ತಡೆಯುತ್ತದೆ.

ಆದರೆ ಇದರಲ್ಲೇ ಒಂದು ತಲೆನೋವೂ ಇದೆ. ಒಮ್ಮೆ ಅತ್ತಿಗೆ ಜೊತೆಗಿದ್ದರು. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೆನುವಿನಲ್ಲಿ ವೆಜ್ ಮಿಸೊ ರಾಮೆನ್ ಪಕ್ಕದಲ್ಲಿ ಹಸಿರು ಚುಕ್ಕಿ ಇತ್ತು. ಆದರೂ ಕೇಳಿದೆ. ‘ಪೂರ್ತಿ ವೆಜ್ ಸಾರ್’ ಅಂದ ಹುಡುಗ. ಬಟ್ಟಲು ಬಂತು. ತೋಫು, ಮೆಕ್ಕೆಜೋಳ, ಅಣಬೆ, ನೋಡಲು ಭಾರಿ ಚೆನ್ನಾಗಿತ್ತು. ಅತ್ತಿಗೆ ಒಂದು ಗುಟುಕು ಕುಡಿದವರೇ ಚಮಚ ಕೆಳಗಿಟ್ಟರು. ‘ಮೀನಿನ ವಾಸನೆ ಬರ್ತದಲ್ಲಪ್ಪ!’

ಅಡುಗೆಮನೆಯಿಂದ ಒಬ್ಬರು ಬಂದರು. ‘ಮೀನು ಹಾಕಿಲ್ಲ ಮೇಡಂ, ದಾಶಿ ಅಷ್ಟೇ’ ಅಂದರು. ಆ ದಾಶಿಯಲ್ಲೇ ಇರುವುದು ಮೀನು! ಕೊಂಬು ಅನ್ನುವ ಕಡಲಪಾಚಿಯ ಜೊತೆ ಕತ್ಸುವೊಬುಶಿ, ಅಂದರೆ ಹೊಗೆ ಹಾಕಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆ, ಹಾಕಿ ತೆಗೆದ ರಸ ಅದು. ಚಕ್ಕೆಯನ್ನು ಸೋಸಿ ತೆಗೆಯುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೆ ವೆಜ್ ಅಂತ ಅವರ ಲೆಕ್ಕ. ಬಿಲ್ಲಿನಿಂದ ಅದನ್ನು ತೆಗೆಯಲೂ ಇಲ್ಲ. ಅತ್ತಿಗೆ ಸ್ಟೇಷನ್ ಹತ್ತಿರ ಇಡ್ಲಿ ತಿಂದು ರೈಲು ಹತ್ತಿದರು. ಗುಂತಕಲ್ ದಾಟುವವರೆಗೂ ನನ್ನ ಜೊತೆ ಮಾತಿಲ್ಲ.

ಕೊಂಬು, ಒಣ ಶಿಟಾಕೆ ಅಣಬೆ ಎರಡನ್ನೇ ನೆನೆಸಿ ಒಳ್ಳೆ ದಾಶಿ ಮಾಡಬಹುದು. ಮಾಡುವ ಹೋಟೆಲುಗಳೂ ಇವೆ. ಅದಕ್ಕೇ ಈಗ ‘ವೆಜ್ಜಾ?’ ಅಂತ ಸುಮ್ನೆ ಕೇಳುವುದಿಲ್ಲ. ದಾಶಿ ಯಾವುದರದ್ದು, ಸಾರಿಗೆ ಕೋಳಿ ಮೂಳೆ ಹಾಕಿದ್ದಾರಾ, ಎಳೆಯಲ್ಲಿ ಮೊಟ್ಟೆ ಇದೆಯಾ, ಮೂರನ್ನೂ ಬಿಡಿಸಿ ಕೇಳುತ್ತೇನೆ. ಹುಡುಗ ತಡವರಿಸಿದರೆ ಎದ್ದು ಬರುವುದೇ.

ಇನ್ನು ಪ್ಯಾಕೆಟ್. 1958ರಲ್ಲಿ ಮೊಮೊಫುಕು ಆಂಡೊ ಅನ್ನುವ ಉದ್ಯಮಿ ಎಣ್ಣೆಯಲ್ಲಿ ಕರಿದು ಒಣಗಿಸಿದ ನೂಡಲ್ಸನ್ನು ಜಪಾನಿನ ಮಾರ್ಕೆಟ್ಟಿಗೆ ಬಿಟ್ಟರು. ಈಗ ಆ ಬಗೆಯದು ನಮ್ಮೂರ ಅಂಗಡಿಗಳಲ್ಲೂ ಸಿಗುತ್ತದೆ. ಹಸಿವು ನೀಗುತ್ತದೆ, ಸಾರು ಮಾತ್ರ ಬರೀ ಉಪ್ಪು. ಅದೂ ಅಲ್ಲದೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಬಳ್ಳಾರಿಯಲ್ಲಿ, ಫ್ಯಾನ್ ಕೆಳಗೆ ಕೂತು ಬಿಸಿ ಸಾರು ಹೀರುವ ಉಮೇದು ನನಗಿಲ್ಲ.

ಹೋಟೆಲಲ್ಲಿ ಬಟ್ಟಲಿಗೆ 500 ರೂಪಾಯಿ ದಾಟುತ್ತದೆ, ಟ್ಯಾಕ್ಸ್ ಬೇರೆ. ಅಪರೂಪಕ್ಕೆ ಹೋಗುವ ನನಗೆ ಪರವಾಗಿಲ್ಲ. ಒಬ್ಬನೇ ಇದ್ದರೆ ಚಿಕನ್ ಹಾಕಿದ ಮಿಸೊ, ಮೆಣಸಿನ ಎಣ್ಣೆ ಜಾಸ್ತಿ. ಅತ್ತಿಗೆ ಇದ್ದರೆ ಮೊದಲು ಫೋನ್ ಮಾಡಿ ದಾಶಿ ವಿಚಾರಿಸಿ, ಆಮೇಲೆ ಆಟೊ ಹಿಡಿಯುವುದು. ತೊಂಕೊತ್ಸು ಬೇರೆಯವರು ಬಿಲ್ ಕೊಡುವ ದಿನಕ್ಕಿರಲಿ.