ವಿಧಿಯೋ, ಸ್ವಂತ ನಿರ್ಧಾರವೋ: ‘ರೋಮಿಯೋ ಮತ್ತು ಜೂಲಿಯೆಟ್’ನ ಒಂದು ಸಟಿಪ್ಪಣಿ ಆವೃತ್ತಿ

ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವನ್ನು ಮೊದಲ ಸಲ ಗಂಭೀರವಾಗಿ ಓದುವ ವಿದ್ಯಾರ್ಥಿಗಳಿಗೆಂದು ಸಿದ್ಧಪಡಿಸಿದ ಈ ಆವೃತ್ತಿಯ ಅಡಿಟಿಪ್ಪಣಿಗಳು ಬಹಳ ಶ್ರದ್ಧೆಯಿಂದ ಬರೆದಂಥವು. ಪೀಠಿಕೆಯ ವಾದವನ್ನು ಮಾತ್ರ ನಾನು ಒಪ್ಪಲಾರೆ. ಒಪ್ಪದಿರಲು ಬೇಕಾದ ಆಧಾರಗಳೆಲ್ಲ ಇದೇ ಅಡಿಟಿಪ್ಪಣಿಗಳಲ್ಲಿವೆ.

ನಾಟಕದ ನಾಂದಿಯು ಪ್ರೇಮಿಗಳನ್ನು ಗ್ರಹಗತಿ ಕೂಡಿಬಾರದವರೆಂದು ಕರೆಯುವುದರಿಂದ, ತೆರೆ ಏಳುವ ಮೊದಲೇ ಅವರ ಸಾವು ನಿಶ್ಚಿತವಾಗಿತ್ತು ಎಂದು ಪೀಠಿಕೆ ಹೇಳುತ್ತದೆ. ಆದರೆ 1599ರ ಕ್ವಾರ್ಟೊದಲ್ಲಿ, ಅಂದರೆ ಈ ನಾಟಕವೊಂದನ್ನೇ ಅಚ್ಚುಹಾಕಿದ ಚಿಕ್ಕ ಪುಸ್ತಕದಲ್ಲಿ, ಇರುವ ಆ ನಾಂದಿ 1623ರ ಫೋಲಿಯೋದಲ್ಲಿ, ಅಂದರೆ ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟದಲ್ಲಿ, ಇಲ್ಲವೆಂದು ಮೊದಲ ಟಿಪ್ಪಣಿಯೇ ತಿಳಿಸುತ್ತದೆ. ಫೋಲಿಯೋವನ್ನು ಹಿಡಿದು ಓದಿದವರಿಗೆ ನಾಟಕ ಶುರುವಾಗುವುದು ನಕ್ಷತ್ರಗಳಿಂದಲ್ಲ, ಎರಡು ಮನೆಗಳ ಆಳುಗಳು ಬೀದಿಯಲ್ಲಿ ಕೆಣಕಿ ತೆಗೆಯುವ ಜಗಳದಿಂದ.

ಆರ್ಥರ್ ಬ್ರೂಕನ 1562ರ ಕಾವ್ಯದಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಷೇಕ್ಸ್‌ಪಿಯರ್ ಕೆಲವೇ ದಿನಗಳಿಗೆ ಇಳಿಸಿದ್ದನ್ನು ಟಿಪ್ಪಣಿಗಳು ದೃಶ್ಯದಿಂದ ದೃಶ್ಯಕ್ಕೆ ವಾರದ ಹೆಸರು ಹಿಡಿದು ತೋರಿಸುತ್ತವೆ. ಈ ಪುಸ್ತಕದ ನಿಜವಾದ ಬೆಲೆ ಇರುವುದು ಇಲ್ಲಿ. ಮಗಳು ಇನ್ನೂ ಚಿಕ್ಕವಳು, ಎರಡು ವರ್ಷ ಕಳೆಯಲಿ ಎಂದಿದ್ದ ಜೂಲಿಯೆಟಳ ತಂದೆ ಕ್ಯಾಪುಲೆಟ್ ಇದ್ದಕ್ಕಿದ್ದಂತೆ ಗುರುವಾರಕ್ಕೆ ಮದುವೆ ಗೊತ್ತುಮಾಡಿ, ಆಮೇಲೆ ಅದನ್ನೂ ಬುಧವಾರಕ್ಕೆ ಎಳೆಯುತ್ತಾನೆ. ಇದರಿಂದ ಜೂಲಿಯೆಟ್ ತಾನು ಸತ್ತಂತೆ ಕಾಣಿಸುವ ಔಷಧವನ್ನು ಒಂದು ರಾತ್ರಿ ಮೊದಲೇ ಕುಡಿಯಬೇಕಾಗುತ್ತದೆ, ರೋಮಿಯೋಗೆ ಸಂದೇಶ ತಲುಪಲು ಇದ್ದ ಅವಧಿಯೂ ಅಷ್ಟೇ ಕಿರಿದಾಗುತ್ತದೆ. ಅವಸರ ಬೇಡವೆಂದು ರೋಮಿಯೋಗೆ ಬುದ್ಧಿ ಹೇಳುವ ಪಾದ್ರಿ ಲಾರೆನ್ಸನೇ, ಎರಡು ಮನೆತನಗಳ ವೈರ ಕೊನೆಗೊಂಡೀತೆಂಬ ಆಸೆಯಿಂದ, ಅದೇ ದಿನ ಗುಟ್ಟಾಗಿ ಮದುವೆ ಮಾಡಿಸುತ್ತಾನೆ. ಇವರಲ್ಲಿ ಯಾರ ಕೈಯನ್ನೂ ಯಾವ ನಕ್ಷತ್ರವೂ ಹಿಡಿದು ನಡೆಸಲಿಲ್ಲ.

ಆಕಸ್ಮಿಕಗಳಿಲ್ಲವೆಂದಲ್ಲ. ಓದು ಬಾರದ ಆಳು ಕ್ಯಾಪುಲೆಟ್ ಮನೆಯ ಔತಣದ ಅತಿಥಿಗಳ ಪಟ್ಟಿಯನ್ನು ಓದಿಸಿಕೊಳ್ಳಲು ರೋಮಿಯೋನ ಬಳಿಗೇ ಬರುತ್ತಾನೆ. ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಲ್ಪಟ್ಟ ಪಾದ್ರಿ ಜಾನ್‌ಗೆ ಲಾರೆನ್ಸನ ಪತ್ರವನ್ನು ಗಡೀಪಾರಾದ ರೋಮಿಯೋ ಇರುವ ಮ್ಯಾಂಟುವಾ ಊರಿಗೆ ಒಯ್ಯಲಾಗುವುದಿಲ್ಲ. ಆದರೂ ವಿಧಿಯ ಹೆಸರು ಎತ್ತುವವರು ಅದನ್ನು ಯಾವಾಗ ಎತ್ತುತ್ತಾರೆಂಬುದನ್ನು ಗಮನಿಸಬೇಕು. ಜೂಲಿಯೆಟಳ ಸೋದರಸಂಬಂಧಿ ಟಿಬಾಲ್ಟನ ಜೊತೆ ಕಾದಾಡಲು ಮೊದಲು ನಿರಾಕರಿಸಿದ ರೋಮಿಯೋ, ಗೆಳೆಯ ಮರ್ಕ್ಯೂಶಿಯೋ ಅವನ ಕೈಯಲ್ಲಿ ಸತ್ತ ಮೇಲೆ ತಾನಾಗಿಯೇ ಕತ್ತಿ ಹಿರಿಯುತ್ತಾನೆ. ಅದೃಷ್ಟದ ಕೈಯಲ್ಲಿ ತಾನು ಮರುಳಾದೆನೆಂದು ಕೂಗುವುದು ಕೊಂದಾದ ನಂತರ. ಇಂಥ ನಿರ್ಣಾಯಕ ಜಾಗದಲ್ಲಿ ಸಂಪಾದಕರು ಒಂದೇ ಸಾಲಿನ ಟಿಪ್ಪಣಿ ಕೊಟ್ಟು ಮುಂದೆ ಹೋಗಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಅಕ್ಷರಗಳು ಸ್ಪಷ್ಟವಾಗಿವೆ, ಟಿಪ್ಪಣಿಗಳು ಆಯಾ ಪುಟದಲ್ಲೇ ಇವೆ, ಹೊಲಿಗೆ ಗಟ್ಟಿಯಾಗಿದೆ. ಕೊಳ್ಳುವವರು ಧೈರ್ಯವಾಗಿ ಕೊಳ್ಳಬಹುದು, ಆದರೆ ಪೀಠಿಕೆಯನ್ನು ನಾಟಕ ಮುಗಿದ ಮೇಲೆ ಓದುವುದು ಒಳ್ಳೆಯದು. ಅಂಕಗಳ ಕೊನೆಯ ಅಭ್ಯಾಸಪ್ರಶ್ನೆಗಳು ಹೆಚ್ಚಾಗಿ ವಿಧಿಯ ಉಲ್ಲೇಖಗಳನ್ನು ಹುಡುಕಿಸುತ್ತವೆ. ಕಾವಲುಗಾರರ ಸದ್ದಿಗೆ ಬೆದರಿ ಲಾರೆನ್ಸ್ ಜೂಲಿಯೆಟಳನ್ನು ಸಮಾಧಿಯಲ್ಲಿ ಒಬ್ಬಳನ್ನೇ ಬಿಟ್ಟುಹೋಗುವುದರ ಬಗ್ಗೆ ಅವುಗಳಲ್ಲಿ ಒಂದು ಮಾತೂ ಇಲ್ಲ. ಮುಂದಿನ ಮುದ್ರಣದಲ್ಲಿ ಆ ಪ್ರಶ್ನೆಯನ್ನು ಸೇರಿಸಲೇಬೇಕು.