ಎಂಟು ಹಾಕಲು ಕಲಿಸಿದರು, ಅಂತರ ಬಿಡಲು ಕಲಿಸಿದವರು ಒಬ್ಬರೇ: ಡ್ರೈವಿಂಗ್ ಶಾಲೆಯೊಂದರ ಅನುಭವ

ಹದಿನೆಂಟು ತುಂಬಿದ ಮಗನನ್ನು ಮೈಸೂರಿನ ನಮ್ಮ ಬಡಾವಣೆಯ ಡ್ರೈವಿಂಗ್ ಶಾಲೆಯೊಂದಕ್ಕೆ ಸೇರಿಸಿದ್ದೆ. ಮೊನ್ನೆ ಅವನ ಲೈಸೆನ್ಸ್ ಕೈಗೆ ಬಂತು. ಕಾರು ಹಳೆಯದಾದರೂ ಸುಸ್ಥಿತಿಯಲ್ಲಿದ್ದು, ಕಲಿಸುವವರ ಕಾಲಿನ ಬಳಿಯೂ ಬ್ರೇಕ್, ಕ್ಲಚ್ ಇದ್ದವು. ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸುವುದು, ರಿವರ್ಸ್, ಆರ್‌ಟಿಒ ಟೆಸ್ಟ್‌ಗೆ ಬೇಕಾದ ಎಂಟು ಹಾಕುವುದು ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದರು.

ನನ್ನ ತಕರಾರು ಬೇರೆ. ನಿಯಮದಂತೆ ಕಾರಿನ ತರಬೇತಿ ಕನಿಷ್ಠ 21 ದಿನ ನಡೆಯಬೇಕು, ಕಲಿಯುವವನು ಕನಿಷ್ಠ 10 ಗಂಟೆ ತಾನೇ ಓಡಿಸಿರಬೇಕು. ಇಲ್ಲಿ ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿಕೊಂಡು ಹೋಗುತ್ತಿದ್ದುದರಿಂದ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಹದಿನೈದು ನಿಮಿಷ ಬರುತ್ತಿತ್ತು. ಒಟ್ಟು ಐದು ಗಂಟೆ ಚಿಲ್ಲರೆ. ವೇಗದ ಬಗ್ಗೆ ಪ್ರತ್ಯೇಕ ಪಾಠವೇ ಇರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1,68,491 ಮಂದಿ, ಅದರಲ್ಲಿ ಹತ್ತಕ್ಕೆ ಏಳು ಸಾವುಗಳಿಗೆ ಕಾರಣವೆಂದು ದಾಖಲಾಗಿದ್ದು ಅತಿವೇಗ. ಎಂಟು ಹಾಕಲು ಬಾರದೆ ಯಾರೂ ಸತ್ತಿರಲಾರರು.

ವೇಗ, ಅಂತರದ ಪಾಠ ಕಲಿಸಿದವರು ಬೆಳಗಿನ ಆರರ ಬ್ಯಾಚ್‌ನ ಹಿರಿಯ ಬೋಧಕರು. ರಿಂಗ್ ರಸ್ತೆಯಲ್ಲಿ ಮಗ ಸಿಟಿ ಬಸ್ಸಿನ ಬೆನ್ನಿಗಂಟಿಕೊಂಡು ಎಡಗಡೆಯಿಂದ ನುಗ್ಗಲು ನೋಡಿದಾಗ ಅವರು ತಮ್ಮ ಬ್ರೇಕ್ ಒತ್ತಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಅವನನ್ನು ಇಳಿಸಿ, ಮಣ್ಣಿನಂಚಿನಲ್ಲಿ ಹದಿನೇಳು ದೊಡ್ಡ ಹೆಜ್ಜೆ ನಡೆಸಿದರಂತೆ. “ಅರವತ್ತರಲ್ಲಿ ಹೋಗ್ತಿದ್ದೀಯಪ್ಪ. ಬಸ್ಸು ನಿಂತಿದ್ದು ನಿನ್ನ ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿಗೇ ಇಷ್ಟು ದೂರ. ಕಾರು ನಿಲ್ಲೋಕೆ ಬೇಕಾದ ಜಾಗ ಇನ್ನೂ ಮುಂದಿದೆ.” ವೇಗ ಎರಡರಷ್ಟಾದರೆ ಆ ಜಾಗ ನಾಲ್ಕರಷ್ಟು ಬೇಕು ಎನ್ನುವುದನ್ನು ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದಿದ್ದ ನನ್ನ ಮಗನಿಗೆ ರಸ್ತೆಯ ಬದಿಯಲ್ಲಿ ಹೇಳಿಕೊಡಬೇಕಾಯಿತು! ಈಗ ಅವನು ಮುಂದಿನ ಗಾಡಿಗೆ ಜಾಗ ಬಿಟ್ಟೇ ಓಡಿಸುತ್ತಾನೆ. ನಾನು ಪಕ್ಕದಲ್ಲಿ ಇಲ್ಲದಿದ್ದಾಗಲೂ ಹಾಗೆಯೇ ಎಂದು ನಂಬಿದ್ದೇನೆ.

ಇನ್ನೊಂದು ಮಾತು. ಕಚೇರಿಯಲ್ಲಿ ಕೂರುವವರು, ಪಕ್ಕದ ಮನೆಯ ಹದಿನಾರರ ಹುಡುಗನನ್ನೂ “ಸಂಜೆ ಕಳಿಸಿ ಸರ್, ಏನೂ ಆಗಲ್ಲ” ಎಂದರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡವಿದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದಕ್ಕಾಗಿಯೇ ಎರಡು ನಕ್ಷತ್ರ ಕಡಿಮೆ ಮಾಡಿ, ಮೂರು ಕೊಟ್ಟಿದ್ದೇನೆ. ಸೇರಿಸುವವರು ಬೆಳಗಿನ ಬ್ಯಾಚನ್ನೇ ಕೇಳಿ, ಕಾರಿನಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆಂದು ದುಡ್ಡು ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.