ತಿಲಕ್ ನಗರದ ಲೆಕ್ಕದ ಟ್ಯೂಷನ್: ಮಗಳು ಎರಡು ತಿಂಗಳು ಹೋದ ಮೇಲೆ ಬರೀತಿದ್ದೀನಿ

ನಾನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ, ಅಂದ್ರೆ ಮರದಲ್ಲಿ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ತಾರ ಮಾಡೋ ಕೆಲಸ ಮಾಡೋನು. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ‘ರೇಖೆಗಳು ಮತ್ತು ಕೋನಗಳು’ ಪಾಠ ಶುರುವಾದಾಗಿಂದ ಲೆಕ್ಕದ ಪುಸ್ತಕ ತೆಗೆದರೆ ಸಾಕು, ಅವಳ ಕಣ್ಣಲ್ಲಿ ನೀರು. ಮೊದಲು ಒಂದು ಕೋಚಿಂಗ್ ಸೆಂಟರ್‌ಗೆ ಸೇರಿಸಿದ್ದೆ, ಹೆಸರು ಬೇಡ. ದಿನಕ್ಕೊಂದು ಜೆರಾಕ್ಸ್ ಶೀಟು, ಶೀಟಿನ ತುಂಬ ‘ಎಕ್ಸ್ ಬೆಲೆ ಕಂಡುಹಿಡಿಯಿರಿ’. ಇವಳು ಕೋನಮಾಪಕ ಇಟ್ಟು ಅಳೆದು 62 ಅಂತ ಬರೆದಳು. ಸರಿಯುತ್ತರ 70. ಆ ಚಿತ್ರವನ್ನ ಅಳತೆಗೆ ಸರಿಯಾಗಿ ಬರೆದೇ ಇಲ್ಲ, ಅದನ್ನ ಅಳೀಬಾರದು ಅಂತ ಮಗುವಿಗೆ ಒಬ್ಬರೂ ಹೇಳಿರಲಿಲ್ಲ. ಕೆಂಪು ಗೆರೆ ಎಳೆದು ಶೀಟು ವಾಪಸ್ ಕೊಟ್ಟರು. ನನಗೆ ತುಂಬ ಬೇಜಾರಾಯ್ತು.

ಆಗ ಪಕ್ಕದ ಮನೆಯವರು ತಿಲಕ್ ನಗರದ ಈ ರಿಟೈರ್ಡ್ ಟೀಚರ್ ಮನೆ ತೋರಿಸಿದರು. ವಾರಕ್ಕೆ ನಾಲ್ಕು ಸಂಜೆ, ತಿಂಗಳಿಗೆ 600 ರೂಪಾಯಿ.

ಮೊದಲ ದಿನ ನಾನೂ ಜಗಲಿ ಮೇಲೆ ಕೂತಿದ್ದೆ. ಟೀಚರ್ ಎಲ್ಲರ ಕೈಲೂ ಕಂಪಾಸ್ ಬಾಕ್ಸನ್ನ ಬ್ಯಾಗಿಗೆ ಹಾಕಿಸಿದರು. “ಇವತ್ತು ಅಳತೆ ಇಲ್ಲ. ಏನು ಗೊತ್ತೋ ಅದನ್ನ ಹೇಳಿ, ಯಾಕೆ ಅನ್ನೋದನ್ನೂ ಹೇಳಿ” ಅಂದು ಒಂದು ತ್ರಿಭುಜ ಬರೆದರು. ಪಾದದ ಎರಡು ಕೋನ 55, 65. ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ನನ್ನ ಮಗಳನ್ನೇ ಎಬ್ಬಿಸಿದರು.

“ಗೆರೆಯ ಎಡಗಡೆ ಕೋನ ಎಷ್ಟಮ್ಮ?”

“55, ಮಿಸ್.”

“ಯಾಕೆ?”

ಸುಮ್ಮನೆ ನಿಂತಳು. ಟೀಚರ್ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ “ಪರ್ಯಾಯ ಕೋನ” ಅಂದಳು. ಅಂದ್ರೆ ಎರಡು ಸಮಾಂತರ ಗೆರೆಗಳನ್ನ ಇನ್ನೊಂದು ಗೆರೆ ಕತ್ತರಿಸಿದಾಗ ಅದರ ಆಚೆ ಈಚೆ ಒಳಗಡೆ ಬರೋ ಕೋನಗಳು, ಅವು ಸಮ. ಬಲಗಡೆ 65 ತಾನೇ ಹೇಳಿದಳು. ಮಧ್ಯದ್ದಕ್ಕೆ ಬೆರಳು ಮಡಚಿ ಎಣಿಸಿ, “60. ಮೂರೂ ಸೇರಿದ್ರೆ ಸರಳ ರೇಖೆ, 180.” “ತ್ರಿಭುಜದ ಮೂರು ಕೋನ ಸೇರಿ 180 ಯಾಕೆ ಅಂತ ಈಗ ನೀನೇ ಹೇಳಿದೆಯಲ್ಲ” ಅಂದರು ಟೀಚರ್. ಆಮೇಲೆ ಪಾದವನ್ನ 65ರ ಕಡೆಯಿಂದ ಹೊರಗೆ ಎಳೆದು ಬಾಹ್ಯಕೋನ ಕೇಳಿದರು. ಒಬ್ಬ ಹುಡುಗ ಸರಳಯುಗ್ಮ, ಅಂದ್ರೆ ಒಂದೇ ಸರಳ ರೇಖೆ ಮೇಲಿನ ಅಕ್ಕಪಕ್ಕದ ಎರಡು ಕೋನ ಅಂತ 180ರಲ್ಲಿ 65 ಕಳೆದು 115 ಅಂದ. ಇನ್ನೊಬ್ಬಳು 55ಕ್ಕೆ 60 ಕೂಡಿಸಿ ಅದೇ 115 ತಂದಳು. ಮೂರು ಕೋನ ಸೇರಿ 180 ಅನ್ನೋದು, ಬಾಹ್ಯಕೋನ ಅಂದ್ರೆ ದೂರದ ಎರಡು ಒಳಕೋನಗಳ ಮೊತ್ತ ಅನ್ನೋದು, ಈ ಎರಡೂ ಮಾತು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2,300 ವರ್ಷದ ಹಿಂದೆ ಬರೆದ ‘ಎಲಿಮೆಂಟ್ಸ್’ ಮೊದಲ ಭಾಗದ 32ನೇ ಪ್ರಮೇಯದಲ್ಲಿ ಒಟ್ಟಿಗೇ ಇವೆ ಅಂತ ಟೀಚರ್ ಹೇಳಿದ್ದು ನನಗೂ ನೆನಪಿದೆ.

ಈಗ ಮಗಳ ನೋಟ್‌ಬುಕ್ಕಲ್ಲಿ ಪ್ರತಿ ಹಾಳೆಗೂ ನಡುವೆ ಗೆರೆ. ಎಡಕ್ಕೆ ಲೆಕ್ಕ, ಬಲಕ್ಕೆ ಕಾರಣ. ಕಾರಣ ಬರೆಯದೆ ಉತ್ತರ ಸರಿ ಬಂದಿದ್ರೂ ಟೀಚರ್ ಮತ್ತೆ ಬರೆಸ್ತಾರೆ. ಟೆಸ್ಟಲ್ಲಿ 25ಕ್ಕೆ 9 ಇದ್ದದ್ದು 21 ಆಗಿದೆ.

ಹೋದ ವಾರ ಐದು ಮೂಲೆಯ ತಟ್ಟೆಗೆ ಆರ್ಡರ್ ಬಂತು. ತಟ್ಟೆಯ ಅಂಚಿಗೆ ಪಟ್ಟಿ ಜೋಡಿಸ್ತೀವಿ, ಚೌಕಕ್ಕಾದರೆ ಪಟ್ಟಿಯ ತುದಿ 45 ಡಿಗ್ರಿಗೆ ಕೊಯ್ತೀವಿ. ಆರು ಮೂಲೆಗೆ ನಮ್ಮಪ್ಪನ ಕಾಲದ ರಟ್ಟಿನ ಅಚ್ಚಿದೆ, ಅದು 60. ಐದಕ್ಕೆ ಅಚ್ಚಿಲ್ಲ. ಅಂದಾಜಿಗೆ ಕೊಯ್ದು ತುದಿಗೆ ಒಂದೊಂದು ಡಿಗ್ರಿ ತಪ್ಪಿದರೂ ಹತ್ತು ತುದಿ ಸೇರಿ ಕೊನೆ ಮೂಲೆ ಹತ್ತು ಡಿಗ್ರಿ ಬಾಯಿ ಬಿಡುತ್ತೆ. ಮಗಳು ಪಂಚಭುಜ ಬರೆದು, ಒಂದೇ ಮೂಲೆಯಿಂದ ಎರಡು ಕರ್ಣ ಎಳೆದಳು. “ಮೂರು ತ್ರಿಭುಜ ಅಪ್ಪ, ಮೂರು ಸಲ 180 ಅಂದ್ರೆ 540. ಐದರಿಂದ ಭಾಗಿಸಿದ್ರೆ 108. ನೀವು ಕೊಯ್ಯೋದು ಅದರ ಅರ್ಧ, 54.” ಆವಾಗ ಕೋನಮಾಪಕ ಹೊರಗೆ ಬಂತು, ರಟ್ಟಿನ ಮೇಲೆ 54 ಗುರುತು ಹಾಕಿಕೊಟ್ಟಳು. ಐದು ಪಟ್ಟಿ ಜೋಡಿಸಿ ಬಲ್ಬಿಗೆ ಹಿಡಿದು ನೋಡಿದೆ. ಯಾವ ಸಂದಿಯಲ್ಲೂ ಬೆಳಕು ಹಾಯಲಿಲ್ಲ. ಆ ಅಚ್ಚಿನ ಮೇಲೆ ಅವಳ ಹೆಸರು ಬರೆದು ಅಪ್ಪನ ಅಚ್ಚಿನ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ್ದೀನಿ.

ಕೊರತೆನೂ ಹೇಳಿಬಿಡ್ತೀನಿ. ಹಾಲ್ ಚಿಕ್ಕದು, ಹದಿನಾಲ್ಕು ಮಕ್ಕಳು ಒತ್ತಿಕೊಂಡು ಕೂರಬೇಕು. ಹಿಂದೆ ಕೂತವರಿಗೆ ಬೋರ್ಡಿನ ಕೆಳಭಾಗ ಕಾಣಲ್ಲ. ಈ ಒಂದು ಪಾಠಕ್ಕೇ ಮೂರು ವಾರ ಹಿಡೀತು, ಅಷ್ಟರಲ್ಲಿ ಸ್ಕೂಲಲ್ಲಿ ಮುಂದಿನ ಪಾಠ ಅರ್ಧ ಆಗಿತ್ತು. ಪರೀಕ್ಷೆ ಹತ್ತಿರ ಬಂದಾಗ ಬೇಗ ಬೇಗ ಮುಗಿಸಿಕೊಡಿ ಅನ್ನೋರಿಗೆ ಇದು ಆಗಲ್ಲ. ಸೇರಿಸೋದಾದ್ರೆ ಜೂನ್‌ನಲ್ಲೇ ಸೇರಿಸಿ, ಮಗುವನ್ನ ಮುಂದಿನ ಸಾಲಲ್ಲಿ ಕೂರಿಸಿ.